ಸೀಸದ ಮುದ್ರೆ

ಬೈಲಹೊಂಗಲದ ಪೇಟೆಯಲ್ಲಿ ನಮ್ಮಪ್ಪ ಅಡಿವೆಪ್ಪ,
ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ.
ಅವನಿಗಿಂತ ಮುಂಚೆ ಅವನ ಪೆಟ್ಟಿಗೆಯ ಸುದ್ದಿ ಬರುತ್ತಿತ್ತು:
ಸಾಗವಾನಿ ಕಟ್ಟಿಗೆ, ಒಳಗೆ ಕೆಂಪು ಮಖಮಲ್ಲು,
ಗುಳಿಗೊಂದರಂತೆ ಕೂತ ಹಿತ್ತಾಳೆಯ ಕಲ್ಲು.
ಬರಿಗೈಲೆ ಮುಟ್ಟುವಂತಿಲ್ಲ.
ಬೆವರಿಗೂ ತೂಕ ಐತಿ, ಅನ್ನುತ್ತಿದ್ದ.

ಅಡತಿ ಅಂಗಡಿಯ ಕಬ್ಬಿಣದ ಕಲ್ಲು ಒಂದು ತಟ್ಟೆ,
ತನ್ನದೊಂದು ತಟ್ಟೆ. ಮುಳ್ಳು ನೆಟ್ಟಗೆ ನಿಂತರೆ
ಕಲ್ಲಿನ ಹೊಟ್ಟೆಯ ಸೀಸದ ಮೇಲೆ ಅಚ್ಚು ಇಟ್ಟು
ಸುತ್ತಿಗೆಯಿಂದ ಒಂದೇ ಏಟು.
ಆಮೇಲೆ ವರ್ಷವಿಡೀ ಊರು ಆ ಕಲ್ಲಿನ ಮಾತಿಗೆ
ಬೆಲ್ಲ ಕೊಳ್ಳುತ್ತಿತ್ತು.

"ನಿನ್ನ ಕಲ್ಲನ್ನ ಯಾರು ತೂಗತಾರ?"
ನಾನಾಗ ಎರಡನೇ ಇಯತ್ತೆ.
"ಬೆಳಗಾವಿಯವರು."
"ಅವರದನ್ನ?"
"ಬೆಂಗಳೂರವರು. ಅವರದನ್ನ ದಿಲ್ಲಿಯವರು."
"ದಿಲ್ಲೀದನ್ನ?"
"ಪ್ಯಾರಿಸಿನಾಗ ಒಂದು ಕಲ್ಲೈತಿ, ಗಾಜಿನ ಗಂಟಿ ಕೆಳಗ ಕುಂತೈತಿ."
"ಅದನ್ನ?"
ಅಪ್ಪ ತಂಬಾಕಿಗೆ ಸುಣ್ಣ ತಿಕ್ಕಿದ.
"ಅದನ್ನ ತೂಗೂದಿಲ್ಲವಾ. ಬರೇ ಕಾಯತಾರ."

ಇಪ್ಪತ್ತಾರು ವರ್ಷವಾಯಿತು. ಬೆಳಗಾವಿಯ ಲ್ಯಾಬಿನಲ್ಲಿ
ಅದೇ ಪ್ರಶ್ನೆಗೆ ಈಗ ಸಂಬಳ ತಗೊಳ್ಳುತ್ತೇನೆ.
ಯಂತ್ರ ಕಣ್ಣು ಬಿಡುವಾಗ ಮೊದಲು ಏಳುವುದು
ಕಿರುಬೆರಳ ಉಗುರಿನಷ್ಟು ಚಿಪ್ಪು.
ಅದು ಎರಡನೆಯದನ್ನು ಅಳೆದು ನೋಡಿ ಎಬ್ಬಿಸುತ್ತದೆ,
ಎರಡನೆಯದು ಮೂರನೆಯದನ್ನು.
ಅಳೆಯದೆ ಯಾರನ್ನೂ ಎಬ್ಬಿಸುವಂತಿಲ್ಲ.
ಮೊದಲನೆಯದಕ್ಕೆ ನಾವು ಬೇರು ಎನ್ನುತ್ತೇವೆ.
ಬೇರು ಗಟ್ಟಿಯೇ ಎಂದು ಕಿತ್ತು ನೋಡಿದವರಿಗೆ
ಗಿಡ ಉಳಿಯುವುದಿಲ್ಲ.

ಈ ಸಲ ಮೇಜಿನ ಮೇಲೆ ರೇಷನ್ ಅಂಗಡಿಯ ಯಂತ್ರ,
ಹೆಬ್ಬೆರಳು ಒತ್ತಿದರೆ ಐದು ಕಿಲೋ ಅಕ್ಕಿ ಬಿಡುವಂಥದ್ದು.
ಶಬಾನಾ ನದಾಫ ತಾಮ್ರದ ಸಣ್ಣ ಸುರುಳಿ ಸುತ್ತಿ
ಚಿಪ್ಪಿನ ಮೇಲಿಟ್ಟಳು,
ಜ್ವರದ ಕೂಸಿನ ಹಣೆ ಮುಟ್ಟಿದ ಹಾಗೆ.
ಮುಚ್ಚಳ ತೆಗೆಯಲಿಲ್ಲ. ಮುದ್ರೆ ಒಡೆಯಲಿಲ್ಲ.
ಗುಟ್ಟಿನ ಅಂಕಿಯಲ್ಲಿ ಒಂದು ಬಂದರೆ
ಅದರ ಉಸಿರು ತುಸು ಜೋರು, ಸೊನ್ನೆಗೆ ಮೆತ್ತಗೆ.
ಒಂದು ಸಲಕ್ಕೆ ಏನೂ ಕೇಳದು.
ನಲವತ್ತು ಸಾವಿರ ಸಲ ಕಿವಿಗೊಟ್ಟೆವು.
ಟೊಳ್ಳು ಕಲ್ಲನ್ನು ಅಪ್ಪ ಬಡಿದು ಕೇಳಿಯೇ ಹಿಡಿಯುತ್ತಿದ್ದ;
ನನಗೆ ಅಷ್ಟು ಚುರುಕು ಕಿವಿಯಿಲ್ಲ.

ಶುಕ್ರವಾರ ಇಳಿಹೊತ್ತು. ಕ್ಯಾಂಪಿನ ಕಡೆಯಿಂದ ಕಹಳೆ.
ಕೀಲಿ ಪೂರ್ತಿ ನಮ್ಮ ಕೈಯಲ್ಲಿ.
ಶಬಾನಾ ನಗಲಿಲ್ಲ.
"ನಮ್ಮ ಓಣ್ಯಾಗೂ ಇದ ಯಂತ್ರ ಐತ್ರಿ, ಮೇಡಮ್."

ಕಂಪನಿಗೆ ಬರೆದೆವು. ಮೂರು ತಿಂಗಳಿಗೆ ಉತ್ತರ:
ಮುದ್ರೆ ಸುಸ್ಥಿತಿಯಲ್ಲಿದೆ. ಪ್ರಮಾಣಪತ್ರ ಲಗತ್ತಿಸಿದೆ.

ಭಾನುವಾರ ಅಪ್ಪನಿಗೆ ಹೇಳಿದೆ:
ನಮ್ಮ ವಿದ್ಯೆಯಲ್ಲಿ ನಂಬಿಗಸ್ತ ಅಂದರೆ ಒಳ್ಳೆಯವ ಅಂತಲ್ಲ,
ಅವನೊಬ್ಬ ಕೆಟ್ಟರೆ ಎಲ್ಲ ಕೆಡುವಂಥವ.
ನಂಬಿಸಿ ಕುತ್ತಿಗೆ ಕೊಯ್ದ ಅಂತೀರಲ್ಲ,
ದೂರದವನ ಕೈಗೆ ಕುತ್ತಿಗೆ ಎಲ್ಲಿ ಸಿಗುತ್ತದೆ?

ಬಸಿಯಲ್ಲಿ ಚಹಾ ಆರಿತು.
ನಾನು ಏನನ್ನೂ ಕೇಳಿರಲಿಲ್ಲ.
"ಕಾಯಿಪಲ್ಲೆ ತಂಗೆವ್ವನ ಅರ್ಧ ಕಿಲೋ ಕಲ್ಲು
ಹದಿನೇಳು ಗ್ರಾಂ ಸವದಿತ್ತು.
ಎಂಬತ್ತೊಂಬತ್ತರ ಮಾತು. ಗಂಡ ಸತ್ತು ತಿಂಗಳಾಗಿರಲಿಲ್ಲ.
ಹೊಸಾದು ತಗೊ ಅನ್ನಾಕ ಬಾಯಿ ಬರಲಿಲ್ಲ.
ಮುದ್ರಿ ಒತ್ತಿದೆ."
"ಎಷ್ಟು ವರ್ಷ?"
"ಆರು."

ಲೆಕ್ಕ ತಾನಾಗಿ ಓಡಿತು ತಲೆಯಲ್ಲಿ:
ಎಷ್ಟು ಬದನೆ, ಎಷ್ಟು ಉಳ್ಳಾಗಡ್ಡಿ, ಎಷ್ಟು ಒಲೆ.
"ನಿಮ್ಮವ್ವನೂ ಅಲ್ಲೇ ತರತಿದ್ದಳು," ಎಂದ.

ಪ್ಯಾರಿಸಿನ ಆ ಕಲ್ಲನ್ನು ಈಗ ಪಟ್ಟದಿಂದ ಇಳಿಸಿದ್ದಾರೆ,
ಗಾಜಿನೊಳಗೆ ಕೂತೂ ಅದು ಧೂಳಿನ ಕಣದಷ್ಟು ತಪ್ಪಿತ್ತಂತೆ.
ಹೇಳಬೇಕೆಂದು ಬಾಯಿ ತೆರೆದೆ.
ಅಪ್ಪ ಬಸಿ ತೊಳೆಯಲು ಎದ್ದ.

ಸೋಮವಾರ ಪ್ರಬಂಧದ ಎರಡನೇ ಪುಟ.
ಊಹೆಗಳು ಎಂಬ ತಲೆಬರಹದ ಕೆಳಗೆ
ಎಲ್ಲರೂ ಬರೆಯುವ ಆ ಸಾಲು:
ಮೊದಲು ಅಳೆಯುವವನು ಪ್ರಾಮಾಣಿಕನೆಂದು ಇಟ್ಟುಕೊಂಡಿದ್ದೇವೆ.

"ಇದು ಇರಲೇನ್ರಿ?" ಶಬಾನಾ ಕೇಳಿದಳು.
ಇರಲಿ, ಅಂದೆ.
ಪಕ್ಕದಲ್ಲಿ ಹದಿನೇಳು ಗ್ರಾಂ ಎಂದು ಬರೆದು
ಅಳಿಸಿದೆ.