ನಲವತ್ತಕ್ಕೆ ಹನ್ನೊಂದು

ನಾರಬ್ರೈ ಊರಿನ ಹೈಸ್ಕೂಲಿನಲ್ಲಿ
ಹತ್ತೊಂಬತ್ತು ವರ್ಷ ಬಟಾಣಿ ಬೆಳೆದೆ,
ಹಲಗೆಯ ಮೇಲೆ.
ಎತ್ತರದ್ದು ಮೂರು, ಗಿಡ್ಡದ್ದು ಒಂದು.
ಬರ ಬರಲಿ, ನಮೊಯ್ ಹೊಳೆ ಉಕ್ಕಿ ಬರಲಿ,
ಮೂರಕ್ಕೆ ಒಂದು.
ನನ್ನ ಬೆಳೆ ಕೆಟ್ಟದ್ದೇ ಇಲ್ಲ.

ಒಂದು ಮಂಗಳವಾರ, ಊಟದ ಬೆಲ್ಲಿಗೆ ಐದು ನಿಮಿಷ ಇರುವಾಗ
ಹಿಂದಿನ ಬೆಂಚಿನ ಟೆಗನ್
ಕೈ ಎತ್ತದೆಯೇ ಕೇಳಿದಳು:
‘ಮಿಸ್, ನೀವು ಯಾವತ್ತಾದರೂ ಮಾಡಿ ನೋಡಿದ್ದೀರಾ?’
ಪುಸ್ತಕದಲ್ಲಿದೆಯಲ್ಲ, ಅಂದೆ.
ಅವಳು ತಲೆಯಾಡಿಸಿದಳು,
ತೂಕದಲ್ಲಿ ಹೊಡೆಯುವ ಅಂಗಡಿಯವನೆದುರು
ಗಿರಾಕಿ ತಲೆಯಾಡಿಸುವ ಹಾಗೆ.
ಎಲ್ಲರೂ ಹೋದ ಮೇಲೆ ಒರೆಸಲು ಬಟ್ಟೆ ತೆಗೆದುಕೊಂಡೆ,
ಒರೆಸಲಿಲ್ಲ.

ಆಮೇಲಿನ ಆರು ವರ್ಷ, ರಾತ್ರಿ ಹೊತ್ತು,
ಊಟದ ಮೇಜಿನ ಮೇಲೆ ಸಂಖ್ಯಾಶಾಸ್ತ್ರ.
ಒಂದು ಕಡೆ ಎಂಟನೇ ಇಯತ್ತೆಯ ಉತ್ತರಪತ್ರಿಕೆ,
ಇನ್ನೊಂದು ಕಡೆ ನನ್ನದೇ ಉತ್ತರಪತ್ರಿಕೆ;
ಎರಡರ ಮೇಲೂ ಚಹಾ ಬಟ್ಟಲಿನ ಉಂಗುರ.

ವಿಶ್ವವಿದ್ಯಾಲಯದ ಸಂದರ್ಶನ. ಮೂವರು ಕೂತಿದ್ದರು.
‘ನಲವತ್ತಾರಕ್ಕೆ ಯಾಕೆ?’
ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.
‘ನನ್ನ ಬಟಾಣಿಗೆ ಒಮ್ಮೆಯೂ ರೋಗ ಬಂದಿಲ್ಲ,’ ಅಂದೆ,
‘ಅದೇ ಚಿಂತೆ.’
ಒಬ್ಬಾಕೆ ನಕ್ಕು ಏನೋ ಗೀಚಿಕೊಂಡಳು.
ಕೆಲಸ ಸಿಕ್ಕಿತು. ಸಂಬಳ ನಾಲ್ಕರಲ್ಲಿ ಒಂದು ಪಾಲು ಇಳಿಯಿತು:
ಉಳಿದದ್ದು ಮೂರು, ಹೋದದ್ದು ಒಂದು,
ಲೆಕ್ಕ ಸರಿಯಾಗಿಯೇ ಇದೆ.

ಗಾಜಿನ ಮನೆಯಲ್ಲಿ ಕಲಿಸಲು ಬಂದವನು ಡಾರ್ಸಿ ಮನ್ರೊ,
ಹತ್ತನೇ ಇಯತ್ತೆಯ ವಿಜ್ಞಾನಕ್ಕೆ
ನಾನೇ ನೂರಕ್ಕೆ ಮೂವತ್ತೊಂದು ಕೊಟ್ಟಿದ್ದವನು.
ಈಗ ಅವನ ಬೆರಳು ಗುಬ್ಬಿಯ ಕೊಕ್ಕು.
ನಾಳೆ ಅರಳಬೇಕಾದ ಕಡಲೆ ಮೊಗ್ಗನ್ನು ಇವತ್ತೇ ಬಿಡಿಸಿ,
ಪತಾಕೆ ಸರಿಸಿ, ರೆಕ್ಕೆ ಸರಿಸಿ,
ದೋಣಿಯ ಹೊಲಿಗೆ ಸೀಳಿ,
ಹತ್ತು ಕೇಸರ ಎಣಿಸಿ ತೆಗೆದ.
‘ಮಿಸ್, ಚಿಮಟವನ್ನು ಪೆನ್ನಿನ ಹಾಗೆ ಹಿಡಿದಿದ್ದೀರಿ.
ಬರೆಯೋಕೆ ಹೋಗಬೇಡಿ. ಸುಮ್ಮನೆ ತೆಗೀರಿ.’

ನನ್ನ ಮೊದಲ ಹೂವು ಹರಿಯಿತು. ಎರಡನೆಯದೂ.
ಏಳನೆಯದರಲ್ಲಿ ಒಂಬತ್ತು ತೆಗೆದು
ಹತ್ತನೆಯದನ್ನು ಮರೆತೆ.
ಅದೊಂದು ಸಾಕು,
ಗಿಡ ತನ್ನನ್ನು ತಾನೇ ಮದುವೆಯಾಗಿಬಿಡುತ್ತದೆ.

ಹೊರಗೆ ಎರೆ ಹೊಲ.
ಒಣಗಿದರೆ ಮುಂಗೈ ಇಳಿಯುವ ಬಿರುಕು,
ನೆನೆದರೆ ಬೂಟು ಬಿಡದ ಅಂಟು.
ಇದನ್ನು ಮಾತ್ರ ಯಾರೂ ಕಲಿಸಬೇಕಿರಲಿಲ್ಲ.
ರೋಣದ ಕಡೆ ಇಂಥದೇ ನೆಲದಲ್ಲಿ ನಮ್ಮ ಮುತ್ಯಾ
ಕಡಲೆಯ ಮೇಲೆ ರಾತ್ರಿ ಧೋತರ ಹಾಸಿ
ನಸುಕಿಗೆ ಹುಳಿ ಹಿಂಡುತ್ತಿದ್ದ,
ಹೊಟ್ಟೆನೋವಿಗೆ ಒಂದು ಚಮಚ.
ಹೇಳಿದೆ. ಡಾರ್ಸಿ ತನ್ನ ಬೂಟು ಎತ್ತಿ ತೋರಿಸಿದ:
ಅದೇ ಹುಳಿ ತಿಂದುಹಾಕಿದ ಚರ್ಮ.
‘ವರ್ಷಕ್ಕೆ ಎರಡು ಜೊತೆ ಬೇಕು, ಮಿಸ್.
ನಿಮ್ಮ ಅಜ್ಜನ ಹೊಟ್ಟೆ ಭಾರೀ ಗಟ್ಟಿ.’

ಆ ವಾರ ನಲವತ್ತು ಹೂವು ಕೂಡಿಸಿದೆ.
ಒಂದೊಂದರ ತೊಟ್ಟಿಗೂ ದಾರ,
ದಾರಕ್ಕೆ ಚೀಟಿ: ತಾಯಿಯ ನಂಬರು, ತಂದೆಯ ನಂಬರು, ತಾರೀಖು.
ಮೂರು ವಾರಕ್ಕೆ ಕಾಯಿ ಕಟ್ಟಿದ್ದು ಹನ್ನೊಂದು.
ನನ್ನ ಕೆಂಪು ಪೆನ್ನು ಇದಕ್ಕೆ ಫೇಲು ಅನ್ನುತ್ತಿತ್ತು.
ಡಾರ್ಸಿ ದಾಖಲೆ ಪುಸ್ತಕದಲ್ಲಿ ಬರೆದ: ಚೆನ್ನಾಗಿದೆ.
ಮೂವತ್ತೊಂದರ ಮಾತು ಇಬ್ಬರೂ ಎತ್ತಲಿಲ್ಲ.

ಹನ್ನೊಂದು ಕಾಯಿಗೆ ಹದಿನಾಲ್ಕು ಕಾಳು.
ಬಿತ್ತಿ, ಆರಿಸಿ, ರೋಗದ ಬಾಯಿಗೆ ಕೊಟ್ಟು, ಉಳಿದದ್ದನ್ನು ಮತ್ತೆ ಆರಿಸಿ,
ಯಾರದೋ ಬಿತ್ತನೆ ಚೀಲ ಸೇರಲು ಹತ್ತು ವರ್ಷ,
ಸೇರಿದರೆ.
ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ...
ನಾಲಿಗೆಯಿಂದಲೇ ಎಣಿಸಿಕೊಂಡೆ. ಇಪ್ಪತ್ತೇಳು.
ಸಾಕಾಗಬಹುದು.

ಟೆಗನ್ ಈಗ ಪೇಟೆಯ ಔಷಧಿ ಅಂಗಡಿಯಲ್ಲಿದ್ದಾಳೆ.
ನಿನ್ನ ಪ್ರಶ್ನೆಯಿಂದ ಇಷ್ಟೆಲ್ಲ ಆಯಿತು ಎಂದೆ.
‘ನಾನಾ? ಕೇಳಿದ್ನಾ?’ ಅಂದಳು,
ನನ್ನ ಹೆಬ್ಬೆರಳಿನ ಗಾಯಕ್ಕೆ
ಪಟ್ಟಿ ಹುಡುಕುತ್ತ.