ಡಿಟ್ಟೋ

ಶ್ರೀರಾಮಪುರದ ಐದನೇ ಕ್ರಾಸು.
ಚಕ್ಕುಲಿ ಅಂಗಡಿಗೂ ಸೈಕಲ್ ಶಾಪಿಗೂ ನಡುವೆ
ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಬೀದಿಯಲ್ಲಿ ಕಾಯುವಷ್ಟು ಜಾಗ.
ರತ್ನವೇಲು ಅಣ್ಣನ ರೆಕಾರ್ಡಿಂಗ್ ಸೆಂಟರು.
ಅಲ್ಲಿ ನನ್ನ ಕೆಲಸ ಬರೆಯುವುದು.
ಹಾಡಲ್ಲ, ಹಾಡಿನ ಹೆಸರು,
ಕ್ಯಾಸೆಟ್ಟಿನ ಒಳಗಿನ ಕಾರ್ಡಿನ ಮೇಲೆ.
ಅಕ್ಷರ ದುಂಡಗಿದೆ ಅಂತ
ಹತ್ತನೇ ಕ್ಲಾಸು ಫೇಲಾದವನಿಗೆ ಸಿಕ್ಕ ಮರ್ಯಾದೆ.

ಕನ್ನಡಕ್ಕೆ ಕೆಂಪು ಸ್ಕೆಚ್ ಪೆನ್ನು, ತಮಿಳಿಗೆ ಹಸಿರು,
ಹಿಂದಿಗೆ ನೀಲಿ. ತೆಲುಗಿಗೂ ನೀಲಿಯೇ,
ನೇರಳೆ ಒಣಗಿಹೋಗಿತ್ತು.
ತಮಿಳಿನ ಅಕ್ಷರ ನನಗೆ ಬಾರದು, ಕನ್ನಡದಲ್ಲೇ ಬರೆಯುತ್ತಿದ್ದೆ.
ಕೊಂಡವರು ತಮಿಳಿನಲ್ಲೇ ಓದಿಕೊಳ್ಳುತ್ತಿದ್ದರು.
ಈ ಊರು ಹಾಗೆ ನಡೆಯುತ್ತಿತ್ತು.
ಯಾವಾಗಲೂ ಅಲ್ಲ, ಗೊತ್ತಿದೆ.
ಒಂದು ಡಿಸೆಂಬರಿನಲ್ಲಿ ಅಣ್ಣ
ಹಸಿರು ಪೆನ್ನನ್ನು ಡ್ರಾಯರಿನೊಳಗಿಟ್ಟು ಬೀಗ ಹಾಕಿದ.

ಜಯಶೀಲ ಬಂದದ್ದು ಅದಕ್ಕೂ ಮೊದಲು.
ಊದುಬತ್ತಿ ಹೊಸೆಯುವವಳು, ಉಗುರ ಸಂದಿಯಲ್ಲಿ ಇದ್ದಿಲು,
ಗಾಜಿನ ಮೇಲೆ ಬೆರಳಿಟ್ಟಲ್ಲೆಲ್ಲ ಕಪ್ಪು ಮುದ್ರೆ.
ಅರವತ್ತರ ಕ್ಯಾಸೆಟ್ಟು, ಎರಡೂ ಬದಿ ತುಂಬ
ಒಂದೇ ಹಾಡು ಹಾಕಿಕೊಡಿ, ಅಂದಳು.

ಯಾವ ಹಾಡು ಅಂತ ಹೇಳುವುದಿಲ್ಲ.
ಹೇಳಿದರೆ ನಗುತ್ತೀರಿ.
ಬಿಳಿ ಶೂ ಹಾಕಿದ ಹೀರೋ
ಕಬ್ಬನ್ ಪಾರ್ಕಿನ ಬಿದಿರುಮೆಳೆ ಸುತ್ತುತ್ತಾನೆ,
ಪ್ರಾಸಕ್ಕೆ ಪ್ರಾಣ ಬಿಡುವ ಸಾಹಿತ್ಯ,
ಪಿಟೀಲು ಇರಬೇಕಾದಲ್ಲಿ ಕೀಬೋರ್ಡು.
ಎರಡನೇ ಚರಣದಲ್ಲಿ ಗಾಯಕಿಯ ಉಸಿರು
ಒಂದು ಕ್ಷಣ ಸಿಕ್ಕಿಕೊಳ್ಳುವುದು ಕೇಳಿಸುತ್ತದೆ,
ಯಾರೂ ಅದನ್ನು ತಿದ್ದಿರಲಿಲ್ಲ.
ಐದು ನಿಮಿಷದ ಮೇಲೆ ನಾಲ್ಕು ಸೆಕೆಂಡು.
ನನಗಂತೂ ಹಿಡಿಸಿರಲಿಲ್ಲ.

ಬದಿಗೆ ಆರು, ಒಟ್ಟು ಹನ್ನೆರಡು.
ಮೊದಲ ಸಾಲಿನಲ್ಲಿ ಹೆಸರು ಬರೆದು
ಕೆಳಗೆ ಹನ್ನೊಂದು ಸಲ ಡಿಟ್ಟೋ ಗೀರಿದೆ.

ಮಾರನೇ ದಿನವೇ ವಾಪಸು ಬಂದಳು.
"ಏನಪ್ಪಾ ಇದು, ಕಾಗೆ ಕಾಲು?"
ಮೇಲಿನಂತೆ ಅಂತ ಅರ್ಥ, ಅಂದೆ.
"ದಿನಾ ನಾಕು ಸಾವಿರ ಕಡ್ಡಿ ಹೊಸೀತೀನಿ.
ಒಂದು ಹೊಸೆದಿಟ್ಟು, ಮಿಕ್ಕಿದ್ದಕ್ಕೆಲ್ಲಾ ಮೇಲಿನಂತೆ ಅಂದ್ರೆ
ಸಾವ್ಕಾರ ಕಾಸು ಕೊಡ್ತಾನಾ?
ಬರಿ."

ಬರೆದೆ, ಹೊಸ ಕಾರ್ಡಿನಲ್ಲಿ, ಹನ್ನೆರಡು ಸಲ.
ಏಳನೆಯದಕ್ಕೆ ಕೆಂಪು ಮಂಕಾಯಿತು,
ಒಂಬತ್ತನೆಯದರಲ್ಲಿ ಒತ್ತಕ್ಷರ ತಪ್ಪಿದೆ.
ತುಟಿ ಅಲ್ಲಾಡಿಸುತ್ತ ಒಂದೊಂದೇ ಓದಿದಳು,
ಚಿಲ್ಲರೆ ಎಣಿಸುವವರ ಹಾಗೆ.
ತಪ್ಪಿದ್ದನ್ನು ಬೆರಳಿಟ್ಟು ತೋರಿಸಿ,
"ಇರಲಿ ಬಿಡು, ಇದು ಗುರುತಿಗೆ" ಅಂದಳು.

ಮೊನ್ನೆ ಬಸವನಗುಡಿಯ ಸಭೆಯೊಂದರಲ್ಲಿ
ಮೈಕಿನ ಮುಂದೆ ಯಾರೋ ಹೇಳುತ್ತಿದ್ದರು:
ಆ ಕಾಲದ ಹಾಡೇ ಹಾಡು, ಈಗಿನವೆಲ್ಲ ಒಂದೇ ಥರ.
ಕೈ ಎತ್ತಿದೆ.
ಪ್ರಶ್ನೆಗೆ ಸಮಯವಿರಲಿಲ್ಲ, ಹೊರಗೆ ಉಪ್ಪಿಟ್ಟು ಆರುತ್ತಿತ್ತು.

ಸ್ವಾಮಿ, ಆ ಕಾಲದಲ್ಲೂ ಹೀಗೇ ಅನ್ನುತ್ತಿದ್ದರು,
ಅನ್ನುತ್ತಲೇ ನಮ್ಮ ಅಂಗಡಿ ಮುಂದೆ ನಿಂತಿರುತ್ತಿದ್ದರು.
ಮುಕ್ಕಾಲು ಪಾಲು ಕಸ. ನನ್ನ ಕೈಯಾರೆ ಬರೆದಿದ್ದೇನೆ,
ದುಂಡಗೆ.
ಕಸ ಅಂದುಕೊಂಡು ಬರೆದದ್ದೇ
ಈಗ ಹಲ್ಲುಜ್ಜುವಾಗ ಬಾಯಿಗೆ ಬರುತ್ತದೆ,
ಉಳಿದ ಕಾಲು ಪಾಲು, ಆ ಚಿನ್ನ,
ಯಾವುದಿತ್ತೋ ನೆನಪಿಲ್ಲ.

ಮಗಳು ಹದಿನೈದು ಸೆಕೆಂಡಿನ ತುಣುಕೊಂದನ್ನು
ಸ್ನಾನದಿಂದ ಊಟದ ತನಕ ಹಾಕಿಕೊಂಡಿರುತ್ತಾಳೆ.
ಬೈಯಲು ಬಾಯಿ ತೆರೆದೆ.
ಎಷ್ಟನೇ ಸಲ, ಅಂತಷ್ಟೇ ಕೇಳಿದೆ.
"ಫೋನಿಗೆ ಗೊತ್ತು" ಅಂದಳು.

ಜಯಶೀಲಳಿಗೆ ಒಂದು ಮಾತು ಹೇಳಿರಲಿಲ್ಲ.
ನಾಲ್ಕು ನಾಲ್ಕು ಸೆಕೆಂಡು ಕೂಡಿ ಕೂಡಿ
ಎರಡೂ ಬದಿಯಲ್ಲಿ ಟೇಪು ಮೊದಲೇ ಮುಗಿದು,
ಆರನೆಯದಕ್ಕೂ ಹನ್ನೆರಡನೆಯದಕ್ಕೂ
ಕೊನೆಯ ಪಲ್ಲವಿ ಇರಲಿಲ್ಲ.
ಪೂರ್ತಿ ಇಲ್ಲದ್ದಕ್ಕೂ ಪೂರ್ತಿ ಹೆಸರೇ ಬರೆಯಲಾ
ಅಂತ ಅಣ್ಣನನ್ನು ಕೇಳಿದ್ದೆ.
ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ
ಟೇಪಿನ ಹೆಡ್ಡು ಒರೆಸುತ್ತಾ, ತಲೆ ಎತ್ತದೆ ಅಂದಿದ್ದ:
"ಐದು ಸಲ ಕೇಳಿದೋಳಿಗೆ ಆರನೇದು ತಾನಾಗೇ ಬರತ್ತೆ.
ನೀನು ಬರಿ."