ಹೊಸ ಪ್ಯಾಂಟಿಗೆ ಹಳೆಯ ಮೊಣಕಾಲು

ಇನ್ನೂ ಯಾರೂ ತೊಡದ ಪ್ಯಾಂಟಿಗೆ
ತೊಟ್ಟು ಸವೆದ ಗುರುತು ಮೂಡಿಸುವುದು ನನ್ನ ಕಸುಬು.
ಉಪ್ಪುಕಾಗದ ಹಿಡಿದು ತೊಡೆಯ ಮೇಲೆ ಏಳು ಗೆರೆ,
ನಮ್ಮ ಯೂನಿಟ್ಟಿನಲ್ಲಿ ಅದಕ್ಕೆ ಮೀಸೆ ಅಂತಾರೆ.
ಮಂಡಿಯ ಹತ್ತಿರ ಒಂದು ಬಿಳಿ ಮಬ್ಬು,
ಹತ್ತು ವರ್ಷ ಯಾರೋ ಕೂತೆದ್ದ ಹಾಗೆ.
ಹಿಂದಿನ ಜೇಬಿಗೆ ಚೌಕದ ಕಲೆ,
ಇಲ್ಲದ ಪಾಕೀಟಿನದು.
ತುಂಡಿಗೆ ನಾಲ್ಕು ರೂಪಾಯಿ.

ಕೌಲ್ ಬಜಾರಿನ ಹಿಂದೆ ಸಂಜೆ ಐದಕ್ಕೆ
ಮೋರಿ ನೀಲಿಯಾಗಿ ಹರಿಯುತ್ತದೆ.
ಬಟ್ಟೆ ಬಿಟ್ಟ ಬಣ್ಣ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರಿಗೆ
ನನ್ನ ಉಗುರು ತೋರಿಸುತ್ತೇನೆ.
ಮದುವೆಯ ದಿನ ನಿಂಬೆಹೋಳು ತಿಕ್ಕಿದರೂ ಹೋಗಲಿಲ್ಲ,
ಅಕ್ಕಿಕಾಳಿಗೂ ನೀಲಿ ಹತ್ತೀತೆಂದು ಅವಳು ನಕ್ಕಳು.

ಮರೆಯುವುದೂ ಹೀಗೇ ಇರಬೇಕು ಅಂದುಕೊಂಡಿದ್ದೆ:
ಕಲ್ಲು ಹಾಕು, ಬಿಸಿನೀರು ಬಿಡು,
ನಲವತ್ತು ನಿಮಿಷ ತಿರುಗಿಸು,
ತೆಗೆ.

ಗಾದಿಲಿಂಗನ ಬಲಗೈ ಹಿಂಡುವ ಯಂತ್ರಕ್ಕೆ ಸಿಕ್ಕಿದ್ದು
ಒಂದು ಮಂಗಳವಾರ.
ಮುಚ್ಚಳದ ಕೊಂಡಿ ಮುರಿದು ತಿಂಗಳಾಗಿತ್ತು.
ತಂತಿ ಸುತ್ತು ಸಾಕು ಅಂದ ಸಾಹುಕಾರ,
ಸುತ್ತಿದವನು ನಾನು.
ವಿಚಾರಿಸಲು ಬಂದವರ ಮುಂದೆ
"ನಾ ನೋಡಿಲ್ರೀ, ಅವನೇ ಅವಸರ ಮಾಡ್ಕೊಂಡ."
ಐದೇ ಮಾತು.
ಮುಂದಿನ ತಿಂಗಳು ತುಂಡಿಗೆ ಎಂಟಾಣೆ ಹೆಚ್ಚಾಯಿತು.

ಅವತ್ತಿನಿಂದ ಮರೆಯುವ ಕೆಲಸ ಹಿಡಿದೆ.
ಯೂನಿಟ್ಟು ಬಿಟ್ಟು ಮುಂಡರಗಿ ಕಡೆ ಹೋದೆ,
ಹೋಗಿಬರುವ ಓಣಿ ಬದಲಿಸಿದೆ,
ಮಂಗಳವಾರ ಬಂದರೆ ಬುಧವಾರ ಅಂದುಕೊಂಡೆ.
ಮರೆಯಬೇಕು ಅಂದಾಗಲೆಲ್ಲ
ಏನನ್ನು ಅಂತ ಒಮ್ಮೆ ನೋಡಿಕೊಳ್ಳಬೇಕಲ್ಲ,
ಅಲ್ಲೇ ಕಾಲು ಜಾರುತ್ತಿತ್ತು.

ಅಷ್ಟರಲ್ಲಿ ಹೇಳದೆ ಕೇಳದೆ ಬೇರೆಯವು ಹೋದವು.
ಅವ್ವ ನನ್ನನ್ನು ಕರೆಯುತ್ತಿದ್ದ ಅಡ್ಡಹೆಸರುಂಟು,
ಕರೆಯುವ ರಾಗ ಇಲ್ಲ.
ಬೇಸಿಗೆಯಲ್ಲಿ ಬೆಟ್ಟದ ಬಂಡೆ ರಾತ್ರಿ ಹತ್ತಕ್ಕೂ ಕಾದಿರುತ್ತಿತ್ತು,
ಅದಕ್ಕೆ ಒರಗಿ ಕೂತು ಅಪ್ಪ ಏನೋ ಹೇಳಿದ್ದ.
ಬೆನ್ನಿಗೆ ಬಿಸಿ ನೆನಪಿದೆ, ಮಾತು ನೆನಪಿಲ್ಲ.
ಇವನ್ನು ನಾನು ಯಾವ ಯಂತ್ರಕ್ಕೂ ಹಾಕಿರಲಿಲ್ಲ.
ಉಳಿದದ್ದು ಆ ತಂತಿ:
ಎರಡು ಸುತ್ತು, ಒಂದು ತಿರುವು,
ಹೆಬ್ಬೆರಳಿಗೆ ಚುಚ್ಚಿದ ತುದಿ.

ಹೋದ ಯುಗಾದಿಯ ಮರುದಿನ
ವಗ್ಗರಣಿ ಮಿರ್ಚಿ ಅಂಗಡಿಯಲ್ಲಿ ಸಿಕ್ಕ ಗಾದಿಲಿಂಗ.
ನಾನು ಏಳುವಷ್ಟರಲ್ಲಿ ಎಡಗೈ ಹೆಗಲ ಮೇಲಿತ್ತು.
"ಏ ಹೊನ್ನೂರಾ, ಎಷ್ಟ್ ವರ್ಷ ಆತಲೋ!"
ನನ್ನ ತಟ್ಟೆಯ ಮಿರ್ಚಿಯನ್ನೇ ಎತ್ತಿಕೊಂಡು ಕಚ್ಚಿದ.
ಪಕ್ಕದ ಬೆಂಚಿನವರಿಗೆ ಹೇಳಿದ:
"ದೊಡ್ಡಾಸ್ಪತ್ರ್ಯಾಗ ಮೂರು ರಾತ್ರಿ ನನ್ ಕಾಲ್ ಕಡೆ ಕುಂತಿದ್ದ ಇವ.
ಮೂಸಂಬಿ ಸುಲ್ದು ಬಾಯಿಗಿಟ್ಟ. ನಾ ಮರೀತೀನೇನು?"

ನಾನು ಆ ಆಸ್ಪತ್ರೆಯ ಗೇಟು ದಾಟಿರಲಿಲ್ಲ.
ದಾಟಿರಲಿಲ್ಲ ಅಂತ ನನ್ನ ನೆನಪು.

ಕಬ್ಬಿಣದ ಮಂಚ, ಅರ್ಧಕ್ಕೆ ಹಸಿರು ಬಳಿದ ಗೋಡೆ,
ಪೇಪರಿನ ಮೇಲೆ ಗುಡ್ಡೆ ಹಾಕಿದ ಸಿಪ್ಪೆ,
ಅವನು ಹೇಳುತ್ತ ಹೋದಂತೆ ನನಗೂ ಕಾಣತೊಡಗಿತು.
ಕೂತವನು ಬೇರೆ ಯಾರೋ ಇರಬಹುದು,
ಜ್ವರದ ಕಣ್ಣಿಗೆ ಯಾವ ಮುಖವಾದರೇನು.
ಅಥವಾ ಎಲ್ಲ ಗೊತ್ತಿದ್ದೂ,
ನನ್ನ ಪಕ್ಕ ಕೂತು ತಿನ್ನಲು ಎಷ್ಟು ಬೇಕೋ ಅಷ್ಟು ಹಳೆಯದನ್ನು
ತಾನೇ ತಿಕ್ಕಿ ತಿಕ್ಕಿ ಮೂಡಿಸಿಕೊಂಡನೋ,
ಒಂದೇ ಕೈಯಲ್ಲಿ.

ತಂತಿ, ಅಂತ ಬಾಯಿಗೆ ಬಂತು.
ಚಹಾನೂ ಬಂತು.
ನೋಟನ್ನು ಹಲ್ಲಲ್ಲಿ ಕಚ್ಚಿಕೊಂಡು ಚಿಲ್ಲರೆ ಹುಡುಕಿ
ಇಬ್ಬರದೂ ಅವನೇ ಕೊಟ್ಟ.

ಈಗ ಮೀಸೆ ಎಳೆಯುವಾಗ ಕೈ ತಡೆಯುತ್ತದೆ.
ಎಲ್ಲಿಯವನೋ ಒಬ್ಬ ಇದನ್ನು ಹಾಕಿಕೊಂಡು ಕೂರುತ್ತಾನೆ.
ಬಟ್ಟೆ ನಾನೆಳೆದ ಗೆರೆಯಲ್ಲೇ ಮಡಚುತ್ತದೋ,
ಒಂದು ಬೆರಳು ಆಚೆಗೆ
ತನ್ನದೇ ಇನ್ನೊಂದು ಮಾಡಿಕೊಳ್ಳುತ್ತದೋ.

ಮೊನ್ನೆ ಒಂದು ಕಿಲೋ ಮೂಸಂಬಿ ತಂದೆ.
ಸಿಪ್ಪೆಯ ರಸ ಉಗುರಿನ ಸಂದಿಗೆ ಇಳಿದು ಉರಿಯಿತು.
ತೊಳೆ ಬಿಡಿಸಿ, ನಾರು ತೆಗೆದು,
ಬೀಜ ಹಿಸುಕಿ ಹೊರಗಿಟ್ಟವು ಬೆರಳು,
ಯಾರಿಗೋ ತಿನ್ನಿಸಿ ರೂಢಿ ಇದ್ದವರಂತೆ.